ಎಡಗಡೆಯ ಸೀಟು

ಜೂನ್ 10, ಸೋಮವಾರ. ಹಾಕರ್

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ಒಂದು ಗೀರೂ ಬೀಳಿಸದ ನನ್ನ ಗಂಡ ಮರ್ವಿನ್, ಇವತ್ತು ಮಧ್ಯಾಹ್ನ ಗಾಡಿಯ ಹಿಂದೆ ಎಳೆದೊಯ್ಯುವ ನಮ್ಮ ಮನೆಡಬ್ಬಿ, ಕ್ಯಾರವಾನನ್ನು ಹಿಂದಕ್ಕೆ ತರುವಾಗ ನಲ್ಲಿಯ ಕಂಬಕ್ಕೆ ಗುದ್ದಿದ. ಎಡಗಡೆಯ ಮೂಲೆಯ ತಗಡು ಒಳಕ್ಕೆ ಹೋಗಿದೆ. ತಪ್ಪು ನನ್ನದಂತೆ. ನಾನು ಹಿಂದೆ ನಿಂತು ಎರಡೂ ಕೈ ಎತ್ತಿ "ನಿಲ್ಲಿಸು, ನಿಲ್ಲಿಸು" ಎಂದು ಕೂಗಿದ್ದು ಕ್ಯಾಂಪಿನ ಆ ತುದಿಯಲ್ಲಿ ಮಲಗಿದ್ದ ನಾಯಿಯನ್ನೂ ಎಬ್ಬಿಸಿತು. ಇವನು ಮಾತ್ರ ನಿಲ್ಲಿಸಲಿಲ್ಲ.

"ಎಲ್ಲಿ ನಿಂತಿದ್ದೆ ನೀನು? ಕನ್ನಡೀಲಿ ಕಾಣೋ ಹಾಗೆ ನಿಲ್ಬೇಕು ಅಂತ ನೂರು ಸಲ ಹೇಳಿದೀನಿ."

"ಕಂಬದ ಪಕ್ಕದಲ್ಲೇ ನಿಂತಿದ್ದೆ."

"ಹಾಗಾದ್ರೆ ಕಂಬ ನಿನ್ನ ಹಿಂದೆ ಬಚ್ಚಿಟ್ಕೊಂಡಿತ್ತೇನೋ."

ಪಕ್ಕದವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಹೊಸದಾಗಿ ಬಂದವರು ಗಾಡಿ ಹಿಂದಕ್ಕೆ ಹಾಕುವುದನ್ನು ನೋಡುವುದೇ ಈ ಕ್ಯಾಂಪುಗಳಲ್ಲಿ ಸಂಜೆಯ ಮನರಂಜನೆ. ನಾವೂ ಹಾಗೆ ಕೂತು ನಕ್ಕವರೇ.

ಮನೆ ಬಿಟ್ಟು ಇಪ್ಪತ್ತಾರು ದಿನ. ನನಗೆ ಅರವತ್ತೇಳು, ಅವನಿಗೆ ಎಪ್ಪತ್ತು. ಆರು ವರ್ಷ ಶೆಡ್ಡಿನಲ್ಲಿ ಕೂತು ಈ ಡಬ್ಬಿಯನ್ನು ತಾನೇ ಸಜ್ಜು ಮಾಡಿದ. ದೇಶದ ನಡುಭಾಗ ನೋಡಬೇಕು, ಆಲಿಸ್ ಸ್ಪ್ರಿಂಗ್ಸ್ ಮುಟ್ಟಬೇಕು, ಅಲ್ಲಿಂದ ಪಶ್ಚಿಮಕ್ಕೆ ಹೊರಳಬೇಕು, ಒಟ್ಟು ಎಂಟು ತಿಂಗಳು ಎಂದ. ನಾನು ಆಯ್ತು ಎಂದೆ. ನಲವತ್ತನಾಲ್ಕು ವರ್ಷದಿಂದ ಆಯ್ತು ಎನ್ನುವುದರಲ್ಲಿ ಚೆನ್ನಾಗಿ ಪಳಗಿದ್ದೇನೆ.

ಸುಸ್ತಾಗಿದೆ. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ನಿನ್ನೆ ಕ್ವಾರ್ನ್‌ನಲ್ಲಿ ಅವನು ತಲೆನೋವೆಂದು ಇಡೀ ದಿನ ಒಳಗೆ ಮಲಗಿದ್ದ. ನಾನು ಹೊರಗೆ ಬಿಸಿಲಿನಲ್ಲಿ ಒಬ್ಬಳೇ ಕೂತಿದ್ದೆ. ಈ ಪ್ರಯಾಣದಲ್ಲಿ ನನಗೆ ಹಿತವೆನಿಸಿದ ದಿನ ಅದೊಂದೇ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಜೂನ್ 12, ಬುಧವಾರ. ಮರ್ರೀ

ಡಾಂಬರು ಮುಗಿಯಿತು. ಇಲ್ಲಿಂದ ಮಾರ್ಲಾದವರೆಗೆ ಆರುನೂರು ಕಿಲೋಮೀಟರ್ ಮಣ್ಣಿನ ರಸ್ತೆ. ಮರ್ವಿನ್ ಆ ರಸ್ತೆಗೆಂದು ಚಕ್ರಗಳ ಗಾಳಿ ಇಳಿಸುತ್ತಾ ಕೂತ ಹೊತ್ತಿಗೆ ನಾನು ಹೋಟೆಲಿನ ಫೋನಿನಿಂದ ಅಡಿಲೇಡಿನಲ್ಲಿರುವ ತಂಗಿ ಹೆದರ್ ಜೊತೆ ಮಾತಾಡಿದೆ.

"ಬಂದುಬಿಡು ಕಣೇ. ಹಿಂದಿನ ರೂಮು ಖಾಲಿ ಬಿದ್ದಿದೆ," ಅಂದಳು.

"ಅವನಿಗೆ ಏನಂತ ಹೇಳ್ಲಿ?"

"ಇಷ್ಟು ವರ್ಷ ಹೇಳಿದ್ದನ್ನ ಕೇಳಿದಾನಾ? ಹೇಳದೆ ಹೋದ್ರೂ ಅವನಿಗೆ ವ್ಯತ್ಯಾಸ ಗೊತ್ತಾಗಲ್ಲ ಬಿಡು."

ಮಾರ್ಲಾದಲ್ಲಿ ನಮ್ಮ ರಸ್ತೆ ಹೆದ್ದಾರಿಗೆ ಸೇರುತ್ತದೆ. ಅಲ್ಲಿ ದಕ್ಷಿಣಕ್ಕೆ ಹೋಗುವ ಬಸ್ಸು ನಿಲ್ಲುತ್ತದೆ. ಇಪ್ಪತ್ತೆರಡನೇ ತಾರೀಕು, ಶನಿವಾರದ ಬಸ್ಸಿಗೆ ಹೆದರ್ ನನ್ನ ಟಿಕೆಟ್ ಮಾಡಿಸುತ್ತಾಳೆ. ಅವನು ಬೇಕಾದರೆ ಡಬ್ಬಿ ಎಳೆದುಕೊಂಡು ಆಲಿಸ್‌ಗಾದರೂ ಹೋಗಲಿ, ಚಂದ್ರಲೋಕಕ್ಕಾದರೂ ಹೋಗಲಿ. ಮಾರ್ಲಾ ತಲುಪಿದ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಬಾಯಿ ಬಿಡುವುದಿಲ್ಲ.

ಧೂಳಿಗೋ, ಚಳಿಗೋ, ಕಂಬಕ್ಕೋ ಬೇಸತ್ತು ಹೊರಟವಳಲ್ಲ ನಾನು. ಅವನು ನನ್ನನ್ನು ನೋಡುವುದನ್ನೇ ಬಿಟ್ಟಿದ್ದಾನೆ. ಇವತ್ತು ಗಾಡಿಯಲ್ಲಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅವನತ್ತ ಹಿಡಿದೆ. ತೆಗೆದುಕೊಳ್ಳಲಿಲ್ಲ. ನಾನೂ ಹಟಕ್ಕೆ ಬಿದ್ದು ಮಾತಾಡದೆ ಕೈ ನೋಯುವ ತನಕ ಹಿಡಿದಿದ್ದೆ. ತಣ್ಣಗಾಯಿತು. ಕಿಟಕಿಯಿಂದ ಹೊರಗೆ ಚೆಲ್ಲಿದೆ. ಅದಕ್ಕೂ ತಿರುಗಲಿಲ್ಲ. ಗಂಡ ಸಿಟ್ಟು ಮಾಡಿದರೆ ತಿರುಗಿ ಸಿಟ್ಟು ಮಾಡಬಹುದು. ನೋಡದೇ ಇದ್ದರೆ ಏನು ಮಾಡುವುದು?

ಜೂನ್ 14, ಶುಕ್ರವಾರ. ರಸ್ತೆ ಬದಿ

ಬೆಳಿಗ್ಗೆ ಬಲಗಡೆ ಉಪ್ಪಿನ ಕೆರೆ ಸಿಕ್ಕಿತು. ಒಂದು ಹನಿ ನೀರಿಲ್ಲ, ಕಣ್ಣು ಕುಕ್ಕುವ ಬಿಳುಪು. ಮರ್ವಿನ್ ಗಾಡಿ ನಿಲ್ಲಿಸಿ ಮುಕ್ಕಾಲು ಗಂಟೆ ನೋಡಿದ. ನನಗೆ ನೋಡಬೇಕೆಂದು ಇದ್ದದ್ದು ಒಂದೇ, ಮರುಭೂಮಿಯ ನಡುವೆ ಬಿಸಿನೀರು ಉಕ್ಕುವ ಬುಗ್ಗೆಗಳು. ಹತ್ತು ದಿನದಿಂದ ಹೇಳುತ್ತಿದ್ದೆ. ಎಡಕ್ಕೆ ಬಾಣ ಹಾಕಿದ ಬೋರ್ಡು ನನ್ನ ಕಿಟಕಿಯ ಪಕ್ಕದಲ್ಲೇ ಸರಿದುಹೋಯಿತು. ಅವನು ವೇಗವನ್ನೂ ಇಳಿಸಲಿಲ್ಲ.

"ಬುಗ್ಗೆ ಹೋಯ್ತಲ್ಲ," ಎಂದೆ.

"ಎಲ್ಲಿತ್ತು?"

"ಬೋರ್ಡು ಇಷ್ಟು ದೊಡ್ಡದಿತ್ತು."

"ಮೊದಲೇ ಹೇಳ್ಬೇಕಪ್ಪ. ಈ ರಸ್ತೇಲಿ ಇಷ್ಟುದ್ದದ ಗಾಡಿ ಎಲ್ಲಿ ತಿರುಗಿಸ್ಲಿ? ಬರುವಾಗ ನೋಡೋಣ."

ನಾವು ಈ ದಾರಿಯಲ್ಲಿ ವಾಪಸ್ಸು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ತನಗೆ ಬೇಕಾದದ್ದು ಅವನಿಗೆ ಎರಡು ಮೈಲಿ ದೂರದಿಂದ ಕಾಣುತ್ತದೆ. ನನಗೆ ಬೇಕಾದದ್ದು ಮೂಗಿನ ಕೆಳಗಿದ್ದರೂ ಕಾಣುವುದಿಲ್ಲ.

ಜೂನ್ 15, ಶನಿವಾರ

ತಗಡಿನ ಶೀಟಿನ ಹಾಗೆ ಏಣು ಬಿದ್ದ ರಸ್ತೆ. ಹಲ್ಲು ಕಟಕಟ. ಕಪಾಟಿನ ಬಾಗಿಲು ತೆರೆದುಕೊಂಡು ಮೊಟ್ಟೆಯೆಲ್ಲ ಹಾಸಿಗೆಯ ಮೇಲೆ. ಹೊರಗೆ ಏನೂ ಇಲ್ಲ. ಬೆಳಿಗ್ಗೆಯೂ ಏನೂ ಇಲ್ಲ, ಸಂಜೆಯೂ ಏನೂ ಇಲ್ಲ. ಇನ್ನು ಏಳು ದಿನ.

ಜೂನ್ 17, ಸೋಮವಾರ. ವಿಲಿಯಂ ಕ್ರೀಕ್

ಸಂಜೆ ಐದಕ್ಕೆ ಎಲ್ಲರೂ ತಂತಮ್ಮ ಕುರ್ಚಿ, ತಂತಮ್ಮ ಬಾಟಲಿ ಹಿಡಿದುಕೊಂಡು ಸುತ್ತ ಕೂತೆವು. ಕ್ಯಾರವಾನಿನವರ ನೇಮ ಇದು, ಗುರುತು ಪರಿಚಯ ಇರಬೇಕಾಗಿಲ್ಲ. ಒಬ್ಬ ಹೆಂಗಸು ಚೀಸು, ಬಿಸ್ಕತ್ತು ಜೋಡಿಸಿದ ತಟ್ಟೆಯನ್ನು ಮರ್ವಿನ್‌ಗೆ ಎಡಗಡೆಯಿಂದ ಚಾಚಿ, "ತಗೊಳ್ಳಿ," ಎಂದಳು. ಇವನು ಎದುರಿಗಿದ್ದವನ ಜೊತೆ ಡೀಸೆಲ್ ಫಿಲ್ಟರಿನ ಪುರಾಣ ಹೇಳುತ್ತಲೇ ಇದ್ದ. ಆಕೆ ಇನ್ನೊಮ್ಮೆ ಹೇಳಿದಳು. ಮುಖ ಸಣ್ಣ ಮಾಡಿಕೊಂಡು ತಟ್ಟೆಯನ್ನು ಮುಂದಕ್ಕೆ ಸಾಗಿಸಿದಳು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಡಬ್ಬಿಗೆ ಬಂದ ಮೇಲೆ ಕೇಳಿದೆ: "ಆ ಹೆಂಗಸು ನಿನಗೇನು ಮಾಡಿದ್ದಳು?"

"ಯಾವ ಹೆಂಗಸು?"

ಒಂದು ಕಾಲದಲ್ಲಿ ಈತ ಬಸ್ಸು ಹತ್ತುವ ಪ್ರತಿ ಮಗುವಿನ ಹೆಸರು ಹಿಡಿದು ಮಾತಾಡಿಸುತ್ತಿದ್ದ. ಯಾರಿಗೆ ಹಲ್ಲು ಬಿತ್ತು, ಯಾರ ನಾಯಿ ಮರಿ ಹಾಕಿತು ಎಲ್ಲ ಗೊತ್ತಿರುತ್ತಿತ್ತು. ಈಗ ಮನುಷ್ಯರೇ ಬೇಡವಾಗಿದ್ದಾರೆ. ರಾತ್ರಿಯ ಊಟದಲ್ಲಿ ಮಾಂಸ ತಿಂದು, ತಟ್ಟೆಯ ಇನ್ನೊಂದು ಪಕ್ಕದ ಆಲೂಗಡ್ಡೆ ಮುಟ್ಟದೆ ಎದ್ದ. ಅದನ್ನೂ ನಾನೇನೂ ಕೇಳಲಿಲ್ಲ. ಐದು ದಿನ.

ಜೂನ್ 18, ಮಂಗಳವಾರ. ಮುಲ್ಗಾ ವೆಲ್ ರೋಡ್‌ಹೌಸ್

ಎಲ್ಲಿಂದ ಶುರುಮಾಡಲಿ?

ಈ ರಸ್ತೆಯಲ್ಲಿ ಧೂಳೆದ್ದರೆ ಎದುರಿಗೆ ಬರುವುದು ಕಾಣುವುದಿಲ್ಲ. ಅದಕ್ಕೇ ಎಲ್ಲ ಗಾಡಿಗಳಲ್ಲೂ ಒಂದು ರೇಡಿಯೋ, ಎಲ್ಲರೂ ನಲವತ್ತನೇ ಚಾನೆಲ್ಲಿನಲ್ಲಿ ನಾನಿಲ್ಲಿದ್ದೇನೆ, ನೀನೆಲ್ಲಿದ್ದೀಯ ಎಂದು ಹೇಳಿಕೊಂಡು ಓಡಾಡುತ್ತಾರೆ. ಬೆಳಿಗ್ಗೆ ಮರ್ವಿನ್ ಯಾರೋ ಲಾರಿಯವನ ಜೊತೆ ಮಾತಾಡಿ ಮೈಕನ್ನು ಕೊಕ್ಕೆಗೆ ಸಿಕ್ಕಿಸಲು ಹೋದ. ಕೊಕ್ಕೆ ಎಡಗಡೆ ಇದೆ. ಎರಡು ಸಲ ತಡಕಾಡಿದ, ಮೈಕು ನಮ್ಮಿಬ್ಬರ ನಡುವಿನ ಸೀಟಿನ ಮೇಲೆ ಬಿತ್ತು. ನಾನು ಹಣ್ಣಿನ ಕೇಕಿನ ಡಬ್ಬವನ್ನು ತೊಡೆಯಿಂದ ತೆಗೆದು ನಡುವೆ ಇಟ್ಟೆ. ಎಲ್ಲಿ ಇಡುತ್ತಿದ್ದೇನೆ ಎಂದು ನೋಡಲಿಲ್ಲ.

ಆಮೇಲೆ ಹತ್ತೇ ನಿಮಿಷ. ಗಾಡಿ ಮೆಲ್ಲಗೆ ಎಡಕ್ಕೆ ಜರುಗತೊಡಗಿತು. ಏನೋ ತಪ್ಪಿಸುತ್ತಿದ್ದಾನೆ ಎಂದುಕೊಂಡೆ. ಎಡಗಡೆಯ ಚಕ್ರಗಳು ರಸ್ತೆ ಬಿಟ್ಟು ಮೆತ್ತನೆಯ ಮರಳಿಗೆ ಇಳಿದವು. ಹಿಂದಿನ ಡಬ್ಬಿ ಒಮ್ಮೆ ಅತ್ತ, ಒಮ್ಮೆ ಇತ್ತ ಹೊಯ್ದಾಡಿತು. ನಾನು ಚೀರಿದೆ. ಅವನು ಬ್ರೇಕ್ ಹಾಕದೆ ಕಾಲು ತೆಗೆದ. ಅಷ್ಟು ಬುದ್ಧಿ ಇತ್ತು. ಪೊದೆಗಳ ಮೇಲೆ ಹತ್ತಿ ನಿಂತೆವು.

ಧೂಳು ಇಳಿಯಿತು. ಆಮೇಲೆ ನನ್ನ ಬಾಯಿಂದ ಮಾರ್ಲಾದವರೆಗೆ ಹಿಡಿದಿಟ್ಟುಕೊಳ್ಳಬೇಕೆಂದಿದ್ದ ಮಾತು ಬಂದುಬಿಟ್ಟಿತು.

"ನಾನು ಮಾರ್ಲಾದಲ್ಲಿ ಇಳಿದು ಹೋಗ್ತೀನಿ. ಶನಿವಾರದ ಬಸ್ಸಿಗೆ ಟಿಕೆಟ್ ಆಗಿದೆ."

"ಕಂಬಕ್ಕೆ ಗುದ್ದಿದ್ದಕ್ಕಾ?"

"ಕಂಬ ಹಾಳಾಗಿ ಹೋಗ್ಲಿ! ಕ್ವಾರ್ನ್ ಬಿಟ್ಟ ಮೇಲೆ ನನ್ನ ಮುಖ ಒಂದು ಸಲ ನೋಡಿದೀಯಾ? ಚಹಾ ಹಿಡಿದ್ರೆ ತಗೊಳಲ್ಲ. ಮಾತಾಡಿಸಿದ್ರೆ ರಸ್ತೆಗೆ ಉತ್ತರ ಹೇಳ್ತೀಯ. ನಾನೇನು ಸೀಟಿನ ಮೇಲಿಟ್ಟ ಚೀಲವಾ?"

ಅವನು ಎರಡೂ ಕೈಯನ್ನು ಸ್ಟೀರಿಂಗಿನ ಮೇಲೇ ಇಟ್ಟುಕೊಂಡಿದ್ದ.

"ಕಾಣಲ್ಲ ಕಣೇ."

"ಏನು ಕಾಣಲ್ಲ?"

"ನೀನು. ಎಡಗಡೆ ಇರೋದು ಯಾವುದೂ ಕಾಣಲ್ಲ. ಎರಡೂ ಕಣ್ಣಲ್ಲಿ. ಕ್ವಾರ್ನ್‌ನಲ್ಲಿ ಎದ್ದೆ ನೋಡು, ಅರ್ಧ ಲೋಕ ಇರ್ಲಿಲ್ಲ. ತಲೆನೋವು ಹೋದ್ರೆ ಬರುತ್ತೆ ಅಂದ್ಕೊಂಡೆ. ಬರ್ಲಿಲ್ಲ."

"ಒಂಬತ್ತು ದಿನ ಆಯ್ತು ಮರ್ವ್! ಒಂಬತ್ತು ದಿನ ಕಣ್ಣಿಲ್ಲದೆ ಈ ಗಾಡಿ ಓಡಿಸಿದ್ಯಾ?"

"ಹೇಳಿದ್ರೆ ಕೀ ಕಸ್ಕೋತಿದ್ರು. ನೀನು ಮನೆಗೆ ಹೋಗೋಣ ಅಂತಿದ್ದೆ. ಕತ್ತು ತಿರುಗಿಸ್ತಾ ತಿರುಗಿಸ್ತಾ ಆಲಿಸ್ ತನಕ ಹೋದ್ರಾಯ್ತು ಅಂದ್ಕೊಂಡೆ." ಆಮೇಲೆ ಹೇಳಿದ, "ಭಯ ಆಗ್ತಿದೆ ಕೋರಲ್. ನೀನು ಪಕ್ಕದಲ್ಲಿದೀಯೋ ಇಲ್ಲವೋ ಅಂತ ನೀನು ಕೆಮ್ಮೋದನ್ನ ಕಾಯ್ತಾ ಇರ್ತೀನಿ."

ಮುಠ್ಠಾಳ ಎಂದು ಬೈದೆ. ಅಳು ಬಂತು. ಬೈದೆ, ಅತ್ತೆ, ಮತ್ತೆ ಬೈದೆ. ಸತ್ತಿದ್ದರೆ ಇಬ್ಬರೂ ಸಾಯುತ್ತಿದ್ದೆವು, ಎದುರಿಗೆ ಬಂದವರನ್ನೂ ಕೊಲ್ಲುತ್ತಿದ್ದೆವು. ನನಗೆ ಸಿಟ್ಟು ಬಂದದ್ದು ಅದಕ್ಕೇ, ಆದರೆ ಅದಕ್ಕಿಂತ ಹೆಚ್ಚಾಗಿ ನೆನಪಾದದ್ದು ಆ ತಣ್ಣಗಾದ ಚಹಾ. ಅಷ್ಟು ಹೊತ್ತು ಲೋಟ ಹಿಡಿದವಳಿಗೆ ಒಂದು ಮಾತು ಕೇಳಬೇಕೆಂದು ತೋಚಲಿಲ್ಲವಲ್ಲ.

ನನಗೆ ಡಬ್ಬಿ ಎಳೆದು ಗೊತ್ತಿಲ್ಲ. ಡೀಸೆಲ್, ಊಟ ಸಿಗುವ ಮುಂದಿನ ರೋಡ್‌ಹೌಸಿಗೆ ಇಪ್ಪತ್ತು ಕಿಲೋಮೀಟರ್. ಆಮೆಯ ನಡಿಗೆಯಲ್ಲಿ ಹೊರಟೆವು. ನಾನು "ಎಡಕ್ಕೆ ಹೆಚ್ಚಾಯ್ತು, ಬಲಕ್ಕೆ ಬಾ, ಸಾಕು, ಸಾಕು ಅಂದೆನಲ್ಲೋ" ಎಂದು ಇಡೀ ದಾರಿ ಹೇಳುತ್ತಾ ಬಂದೆ. ಅವನು "ಮೂವತ್ತೊಂದು ವರ್ಷ ಶಾಲೆ ಮಕ್ಕಳ ಬಸ್ಸು ಓಡಿಸಿದೋನು ನಾನು" ಎಂದು ಗೊಣಗುತ್ತಾ ಬಂದ.

ರೋಡ್‌ಹೌಸಿನ ಒಳಗೆ ಕಾಲಿಟ್ಟಾಗ ಎಲ್ಲರೂ ನಮ್ಮ ಕಡೆ ತಿರುಗಿದರು. ದಪ್ಪ ತೋಳಿನ, ಐವತ್ತು ದಾಟಿದ ಹೆಂಗಸೊಬ್ಬಳು ಕುರ್ಚಿ ಎಳೆದಳು. "ಬಾ ಕೋರಲ್, ಕೂತ್ಕೋ. ನೀನೂ ಬಾ ಮರ್ವಿನ್, ಬಲಗಡೆ ಇದೆ ನೋಡು ಕುರ್ಚಿ."

"ನಮ್ಮ ಹೆಸರು ಹೇಗೆ ಗೊತ್ತು?" ಎಂದೆ.

"ಬರೀ ಹೆಸರಾ? ಬಸ್ಸಿನ ಟಿಕೆಟ್ಟು ಯಾವ ವಾರದ್ದು ಅಂತಾನೂ ಗೊತ್ತು. ನಿಮ್ಮ ಮೈಕಿನ ಗುಂಡಿ ಒತ್ತಿಕೊಂಡಿದೆ ಕಣಮ್ಮಾ. ಒಂದು ಗಂಟೆಯಿಂದ ಈ ರಸ್ತೇಲಿ ನಾವ್ಯಾರೂ ಬಾಯಿ ಬಿಡೋ ಹಾಗಿರ್ಲಿಲ್ಲ. ನಿಮ್ಮ ಸಂಸಾರಾನೇ ಕೇಳ್ತಾ ಬಂದ್ವಿ."

ಕೇಕಿನ ಡಬ್ಬ ಮೈಕಿನ ಮೇಲೆ ಕೂತಿತ್ತು. ನನ್ನ ಮುಖ ಬೆಂಕಿಯಾಯಿತು. ಅಂಗಡಿಯವನು ಚಹಾ ತಂದಿಟ್ಟು, "ನಾನಂತೂ ಬಸ್ಸಿನ ಪರ ಇದ್ದೆ. ಆಮೇಲೆ ಅವನು ಕೆಮ್ಮಿನ ಮಾತು ಹೇಳಿದ ನೋಡಿ, ಪಕ್ಷ ಬದಲಾಯಿಸಿಬಿಟ್ಟೆ," ಅಂದ. ಯಾರೋ ನಕ್ಕರು. ಮರ್ವಿನ್ ನಗಲಿಲ್ಲ.

ಆ ಹೆಂಗಸಿನ ಹೆಸರು ಶೆರಿಲ್. ದನ ಸಾಗಿಸುವ ಮೂರು ಟ್ರೈಲರಿನ ಲಾರಿ ಓಡಿಸುತ್ತಾಳೆ. ಅವಳು ಮರ್ವಿನ್ ಎದುರಿಗೆ ಕೂತು ಕೈ ಚಾಚಿದಳು.

"ಕೀ ಕೊಡು."

"ನಾನು ಮೂವತ್ತೊಂದು ವರ್ಷ..."

"ಕೇಳಿದೀನಿ. ಮೂವತ್ತೊಂದು ವರ್ಷ ಮಕ್ಕಳನ್ನ ಕೂರಿಸ್ಕೊಂಡು ಓಡಿಸಿದೋನು ನೀನು. ಅದೇ ಬಸ್ಸನ್ನ ನಿನ್ನ ಹಾಗೆ ಎಡಗಡೆ ಕಾಣದೋನು ಓಡಿಸ್ತೀನಿ ಅಂದಿದ್ರೆ ಬಿಡ್ತಿದ್ಯಾ? ನಾಡಿದ್ದು ಇದೇ ರಸ್ತೇಲಿ ನೂರಿಪ್ಪತ್ತು ದನ ಹೇರ್ಕೊಂಡು ನಾನು ಬರೋಳು. ನನಗೆ ನಿಲ್ಲಿಸೋಕೆ ಅರ್ಧ ಕಿಲೋಮೀಟರ್ ಬೇಕು ಮಾರಾಯ."

ಮರ್ವಿನ್ ಜೇಬಿನಿಂದ ಕೀ ತೆಗೆದ. ಶೆರಿಲ್ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟ. "ಇವಳಿಗೆ ಬರಲ್ಲ," ಅಂದ.

"ಕಲಿಸಿದೀಯಾ?"

"ಕೇಳಿಲ್ಲ ಅವಳು."

"ಕೇಳ್ತಿದೀನಿ," ಎಂದೆ ನಾನು. ಯಾಕೆ ಎಂದೆನೋ ಗೊತ್ತಿಲ್ಲ. ಕೀ ಬೆಚ್ಚಗಿತ್ತು.

ಜೂನ್ 19, ಬುಧವಾರ. ಮುಲ್ಗಾ ವೆಲ್

ಶೆರಿಲ್‌ಗೆ ಇವತ್ತು ಬಿಡುವು. ಅವಳ ಟ್ರೈಲರುಗಳು ಖಾಲಿ. ಹಿಂದಿನ ಬಟಾಬಯಲಿನಲ್ಲಿ ಎರಡು ಎಣ್ಣೆ ಪೀಪಾಯಿ ನಿಲ್ಲಿಸಿ, ಅವುಗಳ ನಡುವೆ ಹಿಂದಕ್ಕೆ ತಾ ಎಂದಳು. ನಾನು ಬಲಕ್ಕೆ ತಿರುಗಿಸಿದರೆ ಡಬ್ಬಿ ಎಡಕ್ಕೆ, ಎಡಕ್ಕೆ ತಿರುಗಿಸಿದರೆ ಬಲಕ್ಕೆ.

"ಸ್ಟೀರಿಂಗನ್ನ ಮೇಲೆ ಹಿಡೀಬೇಡ, ಕೆಳಗಡೆ ಹಿಡಿ. ಕೈ ಎತ್ತ ಹೋಗುತ್ತೋ ಡಬ್ಬಿ ಅತ್ತ ಹೋಗುತ್ತೆ. ತಲೆ ಓಡಿಸಬೇಡ, ಕೈ ಓಡಿಸು."

ಕೆಳಗೆ ಹಿಡಿದೆ. ಹೋಯಿತು! ನಲವತ್ತನಾಲ್ಕು ವರ್ಷ ಯಾರೂ ಹೇಳದೇ ಉಳಿದ ಗುಟ್ಟು ಇಷ್ಟೇ. ಹತ್ತೊಂಬತ್ತು ಸಲ ಪೀಪಾಯಿ ಉರುಳಿಸಿದೆ. ಇಪ್ಪತ್ತನೆಯ ಸಲ ಉರುಳಲಿಲ್ಲ. ಅಂಗಡಿಯವನು ಜಗುಲಿಯಿಂದ ಚಪ್ಪಾಳೆ ಹೊಡೆದ.

ಮರ್ವಿನ್ ಇಡೀ ದಿನ ಡಬ್ಬಿಯ ಮೆಟ್ಟಿಲ ಮೇಲೆ, ನಮಗೆ ಬೆನ್ನು ಮಾಡಿ ಕೂತಿದ್ದ. ಸಂಜೆ ಶೆರಿಲ್ ಹೊರಟಾಗ ಎದ್ದು ಬಂದು ಕೈ ಕುಲುಕಿದ. "ಕ್ಲಚ್ಚು ಸ್ವಲ್ಪ ಮೇಲೇ ಹಿಡಿಯುತ್ತೆ, ಅವಳಿಗೆ ಹೇಳಿದ್ಯಾ?" ಎಂದು ಕೇಳಿದ. "ನೀನೇ ಹೇಳಯ್ಯ," ಅಂದಳು. ಹೇಳಲಿಲ್ಲ.

ಜೂನ್ 20, ಗುರುವಾರ. ಊಡ್ನಡಾಟಾ

ಓಡಿಸಿದೆ. ಮೊದಲ ಐವತ್ತು ಕಿಲೋಮೀಟರ್ ಉಸಿರಾಡಿದ್ದು ನೆನಪಿಲ್ಲ. ಎದುರಿಗೆ ಬಂದ ಗಾಡಿಯವರೆಲ್ಲ ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಾರೆ. ಮರ್ವಿನ್ ಎತ್ತುತ್ತಿದ್ದ, ನಾನು ಎಂದೂ ಎತ್ತಿದವಳಲ್ಲ. ಊರು ಹತ್ತಿರ ಬಂದಾಗ ನನ್ನ ಬೆರಳೂ ಏಳುತ್ತಿದೆ ಎಂದು ಗೊತ್ತಾಯಿತು.

ಕ್ಲಿನಿಕ್ಕಿನ ನರ್ಸಮ್ಮ ಬಹಳ ಹೊತ್ತು ಪರೀಕ್ಷೆ ಮಾಡಿದಳು. ಬೆರಳನ್ನು ಎಡದಿಂದ ತಂದಳು, "ಕಂಡಾಗ ಹೇಳಿ." ಅವನು ಬೆರಳು ಮೂಗಿನ ನೇರಕ್ಕೆ ಬರುವ ತನಕ ಸುಮ್ಮನಿದ್ದ. ನಾನು ನೋಡಲಾರದೆ ಗೋಡೆಯ ಮೇಲಿದ್ದ ಲಸಿಕೆಯ ಪೋಸ್ಟರು ಓದಿದೆ. ಮಿದುಳಿನಲ್ಲಿ ಸಣ್ಣ ರಕ್ತನಾಳ ಕಟ್ಟಿದೆ, ಕಣ್ಣಿಗೇನೂ ಆಗಿಲ್ಲ ಎಂದು ಫೋನಿನಲ್ಲಿ ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟಿದ್ದಾರೆ. ಆಲಿಸ್‌ಗೆ ಬಂದು ಸ್ಕ್ಯಾನ್ ಮಾಡಿಸಬೇಕು. ವಿಮಾನ ಕಳಿಸಲೇ ಎಂದು ಕೇಳಿದರು. ಒಬ್ಬರಿಗೇ ಜಾಗವಂತೆ.

"ಬೇಡ," ಅಂದ ಮರ್ವಿನ್. "ಇವಳು ಕರ್ಕೊಂಡು ಬರ್ತಾಳೆ."

ಹೊರಗೆ ಬಂದ ಮೇಲೆ ಏನೋ ಹೇಳಲು ಹೊರಟ. "ಶನಿವಾರ..." ಎಂದು ನಿಲ್ಲಿಸಿದ. ನಾನು ಹಿಂದಿನ ಚಕ್ರ ನೋಡುತ್ತಿದ್ದೆ, ಕಲ್ಲು ಕಚ್ಚಿಕೊಂಡಿತ್ತು.

ಜೂನ್ 22, ಶನಿವಾರ. ಮಾರ್ಲಾ. 211 ಕಿ.ಮೀ.

ಮಣ್ಣಿನ ರಸ್ತೆ ಮುಗಿಯಿತು. ಚಕ್ರಗಳಿಗೆ ಗಾಳಿ ಹಾಕಿಸಿ ನಲವತ್ತಕ್ಕೆ ಏರಿಸಿದೆ. ಎಡ ಮುಂದಿನದು ಸ್ವಲ್ಪ ಸೋರುತ್ತಿದೆ. ಕ್ಯಾಂಪಿನಲ್ಲಿ ಜಾಗ ಇಕ್ಕಟ್ಟು, ಮೂರು ಸಲದಲ್ಲಿ ಹಿಂದಕ್ಕೆ ಹಾಕಿದೆ. ಒಂದೇ ಸಲಕ್ಕೆ ಆಗುತ್ತಿತ್ತು, ಮರ್ವಿನ್ ಸರಿಯಾದ ಕಡೆ ನಿಂತಿದ್ದರೆ.

"ಕನ್ನಡೀಲಿ ಕಾಣೋ ಹಾಗೆ ನಿಲ್ಲೋ!" ಎಂದು ಕೂಗಿದೆ. "ಎಷ್ಟು ಸಲ ಹೇಳೋದು?"

"ನಿಂತಿದ್ದೆ."

"ಎಲ್ಲಿ ನಿಂತಿದ್ದೆ?"

ಕುರ್ಚಿ ಹಾಕಿಕೊಂಡವರು ನಗುತ್ತಿದ್ದರು. ಒಬ್ಬಾತ, "ಬಾಸು ಜೋರಿದ್ದಾರೆ ಕಣಯ್ಯ," ಎಂದು ಮರ್ವಿನ್‌ಗೆ ಹೇಳಿದ. ಜನಕ್ಕೆ ಬೇರೆ ಕೆಲಸವಿಲ್ಲ.

ಗ್ಯಾಸು, ನೀರು ಜೋಡಿಸಿ, ಚಕ್ರಕ್ಕೆ ಅಡ್ಡ ಕೊಟ್ಟು ಒಳಗೆ ಬಂದಾಗ ಅವನು ಮೇಜಿನ ಮುಂದೆ ಕೂತಿದ್ದ. ನನ್ನ ಚಿಕ್ಕ ಸೂಟ್‌ಕೇಸು ಮೇಜಿನ ಮೇಲಿತ್ತು. ಸ್ವೆಟರುಗಳನ್ನು ಮಡಿಸಿ ಇಟ್ಟಿದ್ದ. ಮಡಿಸಿದ್ದು ವಕ್ರವಾಗಿತ್ತು, ಎಡಗಡೆಯ ತೋಳುಗಳೆಲ್ಲ ಹೊರಗೆ ಜೋತಾಡುತ್ತಿದ್ದವು.

"ಏನಿದು?"

"ಬಸ್ಸು ಬರೋ ಹೊತ್ತಾಯ್ತು. ನಾನು ವಿಚಾರಿಸಿದೆ. ಪೆಟ್ರೋಲ್ ಬಂಕಿನ ಮುಂದೆ ನಿಲ್ಲುತ್ತಂತೆ."

"ಹೂಂ, ಹತ್ತಿ ಹೋಗ್ತೀನಿ, ನೀನು ಈ ಡಬ್ಬಿನ ಹೆಗಲ ಮೇಲೆ ಹೊತ್ಕೊಂಡು ಆಲಿಸ್‌ಗೆ ಹೋಗು."

"ಯಾರನ್ನಾದ್ರೂ ಕೇಳ್ತೀನಿ. ಗಾಡಿ ಓಡಿಸೋರು ಸಿಗ್ತಾರೆ." ಸೂಟ್‌ಕೇಸನ್ನು ನನ್ನ ಕಡೆ ತಳ್ಳಿದ. "ಕಣ್ಣು ಹೋಯ್ತು ಅಂತ ನೀನು ಉಳೀಬೇಡ ಕೋರಲ್. ಅದೊಂದು ನನಗೆ ಬೇಡ."

ನಾನು ಸೂಟ್‌ಕೇಸಿನ ಮುಚ್ಚಳ ಹಾಕಿ ಕೆಳಗಿಟ್ಟೆ. "ನಿನ್ನ ಕಣ್ಣಿಗೋಸ್ಕರ ಯಾರು ಉಳಿತಾರೆ? ಮಂಗಳವಾರ ಬೆಳಿಗ್ಗೆ ಸ್ಕ್ಯಾನು. ನಾಳೆ ಇನ್ನೂರೈವತ್ತು, ನಾಡಿದ್ದು ಇನ್ನೂರು, ಆ ಸೋರೋ ಚಕ್ರ ಬೇರೆ. ನನ್ನ ತಲೆ ತಿನ್ನಬೇಡ, ಆಲೂಗಡ್ಡೆ ಹೆಚ್ಚು." ಹೆಚ್ಚಿದ. ನಾನು ತಟ್ಟೆಯನ್ನು ತಿರುಗಿಸಿ ಇಟ್ಟೆ, ಎಲ್ಲ ತಿಂದ.

ಬಸ್ಸು ಬಂದು ಹೋಯಿತಂತೆ. ನಾನು ಪಾತ್ರೆ ತೊಳೆಯುತ್ತಿದ್ದೆ, ಗಮನಿಸಲಿಲ್ಲ. ಹೆದರ್‌ಗೆ ಫೋನ್ ಮಾಡಬೇಕು, ಬೈಯುತ್ತಾಳೆ.

ಜೂನ್ 25, ಮಂಗಳವಾರ. ಆಲಿಸ್ ಸ್ಪ್ರಿಂಗ್ಸ್

ಹೋದದ್ದು ಬರುವುದಿಲ್ಲ. ಡಾಕ್ಟರು ಚಿಕ್ಕ ಹುಡುಗಿ, ಮಾತನ್ನು ಸುತ್ತಿ ಬಳಸದೆ ಹೇಳಿದಳು. ಉಳಿದದ್ದು ಉಳಿಯುತ್ತದೆ, ಮಾತ್ರೆ ತಪ್ಪಿಸಬಾರದು. ಗಾಡಿ ಇನ್ನು ಓಡಿಸುವ ಹಾಗಿಲ್ಲ. ಎಂದೂ ಇಲ್ಲ. ಅಡಿಲೇಡಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದಾಳೆ.

ಮರ್ವಿನ್ "ಎಂದೂ ಇಲ್ಲ" ಎನ್ನುವುದನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಪರ್ಸಿನಿಂದ ಲೈಸೆನ್ಸು ತೆಗೆದು ನನ್ನ ಕೈಗೆ ಕೊಟ್ಟ. ಫೋಟೋದಲ್ಲಿ ಕೂದಲು ಇನ್ನೂ ಕಪ್ಪಗಿದೆ.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅವನು ಅತ್ತ. ಮದುವೆಯಾದಾಗಿನಿಂದ ನಾನು ನೋಡಿರದ ಅಳು. ಮೊದಲು ಅವನ ಎಡಗಡೆ ಕೂತಿದ್ದೆ, ಎದ್ದು ಬಲಗಡೆಗೆ ಹೋಗಿ ಕೂತೆ. ಪಶ್ಚಿಮದ ಯೋಜನೆ ಮುಗಿಯಿತು. ಡಬ್ಬಿಯನ್ನು ಇಲ್ಲೇ ಮಾರಿ ವಿಮಾನದಲ್ಲಿ ಹೋಗೋಣ ಎಂದ. ಹದಿನೈದು ದಿನದ ಹಿಂದೆ ಈ ಮಾತು ಹೇಳಿದ್ದರೆ ಕುಣಿಯುತ್ತಿದ್ದೆ. "ಮಾರೋದೇನು? ನಾನೇ ಎಳ್ಕೊಂಡು ಹೋಗ್ತೀನಿ," ಎಂದೆ. ಆ ಚಕ್ರ ಬದಲಾಯಿಸಿದೆವು.

ಜೂನ್ 27, ಗುರುವಾರ. ಕುಲ್ಗೇರಾ. 275 ಕಿ.ಮೀ.

ಎದುರು ಗಾಳಿ, ಡೀಸೆಲ್ ವಿಪರೀತ ಕುಡಿಯಿತು. ಎಂಬತ್ತರ ಮೇಲೆ ಹೋಗಲಿಲ್ಲ. ಭುಜ, ಸೊಂಟ ಎರಡೂ ಹಿಡಿದುಕೊಂಡಿವೆ. ನಾಳೆ ಬೇಗ ಹೊರಡಬೇಕು.

ಈಗ ಎಡಗಡೆಯ ಸೀಟಿನಲ್ಲಿ ಕೂರುವ ಮರ್ವಿನ್‌ಗೆ ಅವನ ಪಕ್ಕದ ಕಿಟಕಿ ಇದ್ದೂ ಇಲ್ಲ. ಆಗಾಗ "ಆ ಕಡೆ ಏನಿದೆ?" ಎಂದು ಕೇಳುತ್ತಾನೆ.

"ಕೆಂಪು ದಿಬ್ಬ. ಮೇಲೆ ಒಂದೇ ಒಂದು ಮರ, ಒಂದು ಕಡೆಗೆ ವಾಲಿದೆ."

"ಬೇಲಿ?"

"ಇದೆ. ಒಂದಷ್ಟು ದೂರ ಮಲಗಿಬಿಟ್ಟಿದೆ. ಒಣಗಿದ ಹೊಳೆ ಬಂತು ಈಗ, ಬಿಳೀ ಮರಗಳು. ನೀರಿನ ತೊಟ್ಟಿ ಹತ್ತಿರ ದನ, ಹತ್ತೋ ಹನ್ನೆರಡೋ. ಹದ್ದು ಒಂದು ಸತ್ತ ಕಾಂಗರೂ ಮೇಲೆ ಕೂತಿದೆ. ಏಳಲ್ಲ ನೋಡು, ಎಷ್ಟು ಕೊಬ್ಬು!"

ಹೇಳಿದಷ್ಟೂ ಬರುತ್ತಲೇ ಇರುತ್ತದೆ, ಗಂಟಲು ಒಣಗಿತು. ಅವನು ಫ್ಲಾಸ್ಕು ತಡಕಿ ಚಹಾ ಬಗ್ಗಿಸಿಕೊಟ್ಟ. ಅರ್ಧ ಪ್ಯಾಂಟಿನ ಮೇಲೆ ಚೆಲ್ಲಿಕೊಂಡ, ಅರ್ಧ ನನಗೆ ಸಿಕ್ಕಿತು. ಬಿಸಿ ಇತ್ತು.

ಮಧ್ಯಾಹ್ನದ ಮೇಲೆ ಅವನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿ ಕೂತಿದ್ದ. ಹತ್ತು ಕಿಲೋಮೀಟರ್ ಹೋದರೂ ಹಾಗೇ, ಇಪ್ಪತ್ತು ಹೋದರೂ ಹಾಗೇ. ನನಗೆ ಗಮನ ಕೆಟ್ಟಿತು.

"ಏನದು? ಮುಖಕ್ಕೆ ಏನಾದ್ರೂ ಮೆತ್ಕೊಂಡಿದ್ಯಾ?"

"ಇಲ್ಲ."

"ಮತ್ತೆ ಮಧ್ಯಾಹ್ನದಿಂದ ಹಿಂಗೇ ನೋಡ್ತಿದೀಯಲ್ಲ. ರಸ್ತೆ ಮುಂದೆ ಇದೆ."

"ರಸ್ತೆ ನೀನು ನೋಡ್ಕೋತಿದೀಯ. ನನಗೆ ಉಳಿದಿರೋದು ಈ ಕಡೆ ಒಂದೇ ಕಣೇ ಮುದುಕಿ, ಈ ಕಡೆ ಇರೋಳು ನೀನು."

ಎದುರಿನಿಂದ ಮೂರು ಟ್ರೈಲರಿನ ಲಾರಿ ಬರುತ್ತಿತ್ತು. ಅದರ ಗಾಳಿಗೆ ಡಬ್ಬಿ ಹೊಯ್ದಾಡದ ಹಾಗೆ ಸ್ಟೀರಿಂಗನ್ನು ಬಿಗಿ ಹಿಡಿದೆ. ಲಾರಿ ದಾಟಿತು. ಅವನು ಇನ್ನೂ ನೋಡುತ್ತಿದ್ದ.

ನಾಳೆ ಹೊರಡುವ ಮೊದಲು ತಲೆ ಬಾಚಿಕೊಳ್ಳಬೇಕು.